ನಾಯಕರ ಬೆಂಬಲಕ್ಕೆ ಎಷ್ಟು ಬೆಲೆ? ಅಮೆರಿಕದ ಪ್ರೈಮರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಅಧ್ಯಕ್ಷ ಚುನಾವಣೆ ಹತ್ತಿರ ಬಂದಾಗ ನಮ್ಮ ಪತ್ರಿಕೆಗಳಲ್ಲಿ ಒಂದು ಸಣ್ಣ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಇಂಥ ಗವರ್ನರ್ ಇಂಥವರಿಗೆ ಬೆಂಬಲ ಘೋಷಿಸಿದರು, ಇಂಥ ಸೆನೆಟರ್ ಅಂಥವರ ಪರ ನಿಂತರು ಅಂತ. ಓದಿ ಪುಟ ತಿರುಗಿಸುತ್ತೇವೆ. ಆದರೆ ಇಂಥ ಒಂದೇ ಮಾತು ಕೆಲವೇ ದಿನಗಳಲ್ಲಿ ಇಡೀ ಸ್ಪರ್ಧೆಯ ದಿಕ್ಕು ಬದಲಿಸಿದ್ದುಂಟು. ಪಕ್ಷದ ದೊಡ್ಡವರೆಲ್ಲ ಬೆನ್ನಿಗೆ ನಿಂತರೂ ಅಭ್ಯರ್ಥಿ ಮುಳುಗಿದ್ದೂ ಉಂಟು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎನ್ನುವುದು ನನಗೆ ಬಹಳ ಕಾಲದಿಂದ ಕುತೂಹಲದ ವಿಷಯ. ಗೆಳೆಯರು, ಓದುಗರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಪ್ರೈಮರಿ ಎಂದರೇನು? ಅಲ್ಲೂ ಹೈಕಮಾಂಡ್ ಟಿಕೆಟ್ ಕೊಡುವುದಿಲ್ಲವೇ?

ಇಲ್ಲ. ನಮ್ಮಲ್ಲಿ ಬಿ ಫಾರಂ ಯಾರ ಕೈಗೆ ಸಿಗುತ್ತದೋ ಅವರೇ ಅಭ್ಯರ್ಥಿ, ಅದನ್ನು ತೀರ್ಮಾನಿಸುವುದು ವರಿಷ್ಠರು. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂದು ಮತದಾರರೇ ಮತ ಹಾಕಿ ಹೇಳುತ್ತಾರೆ. ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ ಈ ಒಳಚುನಾವಣೆ ನಡೆಯುತ್ತದೆ. ಅದೇ ಪ್ರೈಮರಿ. ಕೆಲವು ರಾಜ್ಯಗಳಲ್ಲಿ ಜನ ಒಂದೆಡೆ ಸಭೆ ಸೇರಿ ತೀರ್ಮಾನಿಸುತ್ತಾರೆ, ಅದು ಕಾಕಸ್. ಚುನಾವಣೆಯ ವರ್ಷದ ಮೊದಲ ತಿಂಗಳುಗಳಲ್ಲಿ ಶುರುವಾಗಿ ಜೂನ್‌ವರೆಗೆ ಇದು ನಡೆಯುತ್ತದೆ. ಸಿಕ್ಕ ಮತದ ಲೆಕ್ಕದಲ್ಲಿ ಅಭ್ಯರ್ಥಿಗಳಿಗೆ ಡೆಲಿಗೇಟ್‌ಗಳು, ಅಂದರೆ ಪ್ರತಿನಿಧಿಗಳು, ಸಿಗುತ್ತಾರೆ. ಪಕ್ಷದ ಅಧಿವೇಶನದಲ್ಲಿ ಆ ಡೆಲಿಗೇಟ್‌ಗಳು ಸೇರಿ ಅಭ್ಯರ್ಥಿಯ ಹೆಸರನ್ನು ಅಧಿಕೃತ ಮಾಡುತ್ತಾರೆ.

ಮೊದಲು ಹೀಗಿರಲಿಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಪಕ್ಷದ ದೊಡ್ಡವರು ಅವರ ಕಡೆ ಇದ್ದರು, ಅಷ್ಟೇ ಸಾಕಾಗಿತ್ತು. ಆ ವರ್ಷ ಷಿಕಾಗೋ ಅಧಿವೇಶನದ ಹೊರಗೆ ಬೀದಿಯಲ್ಲಿ ಹೊಡೆದಾಟವಾಯಿತು, ಒಳಗೆ ಕೂಗಾಟವಾಯಿತು. ಆಮೇಲೆ ನಿಯಮ ಬದಲಾಯಿತು. 1972ರಿಂದ ಆಯ್ಕೆ ಮತದಾರರ ಕೈಗೆ ಬಂತು. ನಾಯಕರ ಕೈಯಿಂದ ಟಿಕೆಟ್ ಹೋಯಿತು. ಅವರಿಗೆ ಉಳಿದದ್ದು ಮಾತು ಮಾತ್ರ.

ಹಾಗಾದರೆ ಬೆಂಬಲ ಕೊಡುವವರು ಯಾರು? ಪಕ್ಷವೇ ಕೊಡುತ್ತದೆಯೇ?

ಪಕ್ಷಗಳ ರಾಷ್ಟ್ರೀಯ ಸಮಿತಿಗಳು ಪ್ರೈಮರಿಯಲ್ಲಿ ಯಾರ ಪರವೂ ಇಲ್ಲ ಎಂದೇ ಹೇಳಿಕೊಳ್ಳುತ್ತವೆ. ಆ ಗೆರೆ ದಾಟಿದ ಅನುಮಾನ ಬಂದರೆ ಗಲಾಟೆಯಾಗುತ್ತದೆ. 2016ರ ಜುಲೈನಲ್ಲಿ ಡೆಮಾಕ್ರಟಿಕ್ ಸಮಿತಿಯ ಇಮೇಲ್‌ಗಳು ಹೊರಬಿದ್ದವು. ಕೆಲವು ಸಿಬ್ಬಂದಿಗೆ, ಆ ವರ್ಷದ ಪ್ರೈಮರಿಯಲ್ಲಿ ಹಿಲರಿ ಕ್ಲಿಂಟನ್ ಎದುರು ನಿಂತಿದ್ದ ಬರ್ನಿ ಸ್ಯಾಂಡರ್ಸ್ ಬಗ್ಗೆ ಅಸಮಾಧಾನ ಇದ್ದದ್ದು ಅದರಲ್ಲಿ ಕಂಡಿತು. ಅಧ್ಯಕ್ಷೆ ಡೆಬಿ ವಾಸರ್‌ಮನ್ ಶುಲ್ಟ್ಸ್ ಹುದ್ದೆ ಬಿಡಬೇಕಾಯಿತು.

ಸಾಮಾನ್ಯವಾಗಿ 'ಪಕ್ಷದ ಬೆಂಬಲ' ಎಂದಾಗ ಹೇಳುವುದು ಪಕ್ಷದ ಗವರ್ನರ್‌ಗಳು, ಸೆನೆಟರ್‌ಗಳು, ಹೌಸ್ (ಸಂಸತ್ತಿನ ಕೆಳಮನೆ) ಸದಸ್ಯರು, ಮೇಯರ್‌ಗಳು ಇವರ ಬೆಂಬಲ. ಇವರ ಜೊತೆಗೆ ಕಾರ್ಮಿಕ ಸಂಘಗಳಿವೆ, ಹಿಂದಿನ ಅಧ್ಯಕ್ಷರಿದ್ದಾರೆ. ಒಬ್ಬೊಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಹೇಳುತ್ತಾರೆ. ಹಲವರು ಒಟ್ಟಿಗೆ ಒಬ್ಬರ ಹೆಸರು ಹೇಳಿದಾಗ ಅದನ್ನೇ ಪಕ್ಷದ ಧ್ವನಿ ಅಂತ ಜನ ಓದಿಕೊಳ್ಳುತ್ತಾರೆ.

ಯಾರೋ ಹೇಳಿದರು ಅಂತ ಜನ ಮತ ಹಾಕ್ತಾರಾ?

ನವೆಂಬರ್ ಚುನಾವಣೆಯಲ್ಲಿ ಅಷ್ಟಾಗಿ ಇಲ್ಲ. ಡೆಮಾಕ್ರಟ್ ಮನೆಯವರು ಡೆಮಾಕ್ರಟರಿಗೆ, ರಿಪಬ್ಲಿಕನ್ ಮನೆಯವರು ರಿಪಬ್ಲಿಕನ್ನರಿಗೆ ಹಾಕುತ್ತಾರೆ. ಪಕ್ಷದ ಹೆಸರೇ ದಾರಿ ತೋರಿಸುತ್ತದೆ. ಪ್ರೈಮರಿಯಲ್ಲಿ ಆ ದಾರಿ ಇಲ್ಲ. ಎಲ್ಲರೂ ಒಂದೇ ಪಕ್ಷದವರು. ಒಂದೊಂದು ಸಲ ಇಪ್ಪತ್ತು ಜನ ನಿಂತಿರುತ್ತಾರೆ, ಎಲ್ಲರೂ ಹೆಚ್ಚು ಕಡಿಮೆ ಒಂದೇ ಮಾತು ಆಡುತ್ತಾರೆ. ಕೆಲಸ, ಮಕ್ಕಳು, ಮನೆ ಅಂತ ಓಡಾಡುವ ಮತದಾರ ಎಷ್ಟು ಜನರ ಬಗ್ಗೆ ಓದಬಲ್ಲ? ಆಗ ತಾನು ನಂಬುವ ಒಬ್ಬರ ಕಡೆ ನೋಡುತ್ತಾನೆ.

ಆದರೆ ಬೆಂಬಲದ ದೊಡ್ಡ ಕೆಲಸ ನಡೆಯುವುದು ಮತಗಟ್ಟೆಯಿಂದ ದೂರದಲ್ಲಿ. ಒಬ್ಬ ಗವರ್ನರ್ ಬೆಂಬಲ ಕೊಟ್ಟರೆ ಅವರ ಜೊತೆ ಅವರ ಕಾರ್ಯಕರ್ತರು ಬರುತ್ತಾರೆ. ಯಾವ ಊರಲ್ಲಿ ಯಾರನ್ನು ಕಾಣಬೇಕು ಎನ್ನುವ ತಿಳಿವಳಿಕೆ ಬರುತ್ತದೆ. ದೇಣಿಗೆ ಕೊಡುವವರು ಫೋನ್ ಎತ್ತುತ್ತಾರೆ. ಎದುರಾಳಿಗಳಿಗೆ 'ಇನ್ನು ನಮಗೆ ಜಾಗ ಇಲ್ಲ' ಎನ್ನುವ ಸೂಚನೆ ಹೋಗುತ್ತದೆ. ಮೊದಲ ಮತ ಬೀಳುವ ಒಂದು ವರ್ಷ ಮುಂಚಿನಿಂದಲೇ ಇದು ನಡೆದಿರುತ್ತದೆ. ಅಲ್ಲಿನ ರಾಜಕೀಯದವರು ಇದನ್ನು ಕಣ್ಣಿಗೆ ಕಾಣದ ಪ್ರೈಮರಿ ಎನ್ನುತ್ತಾರೆ.

ಒಂದೇ ಬೆಂಬಲ ಸ್ಪರ್ಧೆಯನ್ನು ತಿರುಗಿಸಿದ ಉದಾಹರಣೆ ಇದೆಯೇ?

ಇದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

2020ರ ಫೆಬ್ರವರಿ, ಡೆಮಾಕ್ರಟಿಕ್ ಪ್ರೈಮರಿ. ಜೋ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು. ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಐದನೆಯವರು. ನೆವಾಡಾದಲ್ಲಿ ಎರಡನೆಯವರಾದರೂ ಸ್ಯಾಂಡರ್ಸ್‌ಗಿಂತ ಬಹಳ ಹಿಂದೆ. ಕೈಯಲ್ಲಿ ದುಡ್ಡು ಕರಗುತ್ತಿತ್ತು. ಟಿವಿಯವರು ಅವರ ಕಥೆ ಮುಗಿಯಿತು ಎನ್ನುತ್ತಿದ್ದರು. ಮುಂದಿನ ರಾಜ್ಯ ಸೌತ್ ಕೆರೊಲೈನಾ.

ಆ ರಾಜ್ಯದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮತ ಹಾಕುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನ. ಅವರ ನಡುವೆ ಜಿಮ್ ಕ್ಲೈಬರ್ನ್ ಅಂದರೆ ಮನೆಯ ಹಿರಿಯ ಇದ್ದ ಹಾಗೆ. 1993ರಿಂದ ಹೌಸ್ ಸದಸ್ಯರು. ಸುಮಾರು ನೂರು ವರ್ಷಗಳ ನಂತರ ಆ ರಾಜ್ಯದಿಂದ ಹೌಸ್‌ಗೆ ಹೋದ ಮೊದಲ ಕಪ್ಪು ವ್ಯಕ್ತಿ. ಅವರು ಪ್ರತಿವರ್ಷ ಮೀನು ಕರಿದು ಬಡಿಸುವ ಒಂದು ಕೂಟ ಮಾಡುತ್ತಾರೆ. ಪಕ್ಷದ ದುಬಾರಿ ಔತಣಕ್ಕೆ ಟಿಕೆಟ್ ಕೊಳ್ಳಲಾಗದ ಕಾರ್ಯಕರ್ತರಿಗಾಗಿ 1992ರಲ್ಲಿ ಶುರು ಮಾಡಿದ್ದು. 2019ರಲ್ಲಿ ಅಧ್ಯಕ್ಷರಾಗಬೇಕೆಂದು ಹೊರಟ ಇಪ್ಪತ್ತಕ್ಕೂ ಹೆಚ್ಚು ಜನ ಅಲ್ಲಿಗೆ ಬಂದು ಸಾಲು ನಿಂತರು.

ಮತದಾನಕ್ಕೆ ಕೆಲವು ದಿನ ಇದ್ದಾಗ ಕ್ಲೈಬರ್ನ್ ಒಂದು ಚರ್ಚಿಗೆ ಹೋಗಿದ್ದರು. ಪರಿಚಿತರೊಬ್ಬರ ಅಂತ್ಯಕ್ರಿಯೆ. ಅಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಅವರನ್ನು ಹತ್ತಿರ ಕರೆದು, ನೀವು ಯಾರಿಗೆ ಮತ ಹಾಕುತ್ತೀರಿ ಅಂತ ಕೇಳಿದರು. ಜೋರಾಗಿ ಹೇಳುವುದು ಬೇಡವೆಂದರೆ ಕಿವಿಯಲ್ಲಿ ಹೇಳಿ ಎಂದರು. ಕ್ಲೈಬರ್ನ್ ಪಿಸುಮಾತಿನಲ್ಲಿ ಬೈಡನ್ ಹೆಸರು ಹೇಳಿದರು. ಇದು ನನಗೆ ಬೇಕಿತ್ತು, ನಮ್ಮ ಜನಕ್ಕೂ ಇದು ನಿಮ್ಮ ಬಾಯಿಂದ ಕೇಳಬೇಕಿದೆ ಎಂದು ಆಕೆ ಹೇಳಿದರಂತೆ. ಈ ಘಟನೆಯನ್ನು ಕ್ಲೈಬರ್ನ್ ಆಮೇಲೆ ಹಲವು ಸಲ ನೆನೆಸಿಕೊಂಡಿದ್ದಾರೆ. ಬೆಂಬಲ ಹೇಗೆ ಕೆಲಸ ಮಾಡುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಅಜ್ಜಿಯ ಕಥೆಯನ್ನೇ. ಆಕೆಗೆ ಸುದ್ದಿ ಗೊತ್ತಿರಲಿಲ್ಲ ಎಂದಲ್ಲ. ಎಲ್ಲರನ್ನೂ ನೋಡಿದ್ದರು. ತೀರ್ಮಾನಕ್ಕೆ ಬರಲು ನಂಬಿಕಸ್ಥರ ಒಂದು ಮಾತು ಬೇಕಿತ್ತು.

ಫೆಬ್ರವರಿ 26ರಂದು ಕ್ಲೈಬರ್ನ್ ಬಹಿರಂಗವಾಗಿ ಹೇಳಿದರು. 'ನಮಗೆ ಜೋ ಗೊತ್ತು. ಅದಕ್ಕಿಂತ ಮುಖ್ಯವಾಗಿ, ಜೋಗೆ ನಾವು ಗೊತ್ತು' ಎನ್ನುವುದು ಆ ಮಾತಿನ ತಿರುಳು. 29ರಂದು ಮತದಾನ. ಬೈಡನ್‌ಗೆ ಶೇ 48ಕ್ಕೂ ಹೆಚ್ಚು ಮತ, ಸ್ಯಾಂಡರ್ಸ್‌ಗೆ ಶೇ 20ರ ಹತ್ತಿರ. ರಾಜ್ಯದ 46 ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳಂಥವು) ಬೈಡನ್ ಗೆದ್ದರು. ಮತಗಟ್ಟೆಯಿಂದ ಹೊರಬಂದವರಲ್ಲಿ ದೊಡ್ಡ ಪಾಲು ಕ್ಲೈಬರ್ನ್ ಮಾತು ತಮಗೆ ಮುಖ್ಯವಾಗಿತ್ತು ಎಂದರು.

ಒಂದು ಮಾತು ಸೇರಿಸಬೇಕು. ಬೈಡನ್ ಆ ರಾಜ್ಯದಲ್ಲಿ ಮೊದಲಿನಿಂದಲೂ ಮುಂದಿದ್ದರು. ಒಬಾಮಾ ಜೊತೆ ಎಂಟು ವರ್ಷ ಉಪಾಧ್ಯಕ್ಷರಾಗಿದ್ದ ಋಣ ಅಲ್ಲಿತ್ತು. ಕ್ಲೈಬರ್ನ್ ಹೊಸ ಪ್ರೀತಿ ಹುಟ್ಟಿಸಲಿಲ್ಲ. ಜಾರಿ ಹೋಗುತ್ತಿದ್ದ ಪ್ರೀತಿಯನ್ನು ಹಿಡಿದು ನಿಲ್ಲಿಸಿದರು.

ಅದು ಒಂದೇ ರಾಜ್ಯ. ಉಳಿದ ದೇಶಕ್ಕೆ ಹೇಗೆ ಹಬ್ಬಿತು?

ಮೂರು ದಿನದಲ್ಲಿ ಹಬ್ಬಿತು. ಮಾರ್ಚ್ 1ಕ್ಕೆ ಪೀಟ್ ಬೂಟಿಜೆಜ್ ಹಿಂದೆ ಸರಿದರು. 2ಕ್ಕೆ ಏಮಿ ಕ್ಲೋಬುಚಾರ್ ಸರಿದರು. ಅದೇ ದಿನ ಇಬ್ಬರೂ ಡಲ್ಲಾಸ್‌ಗೆ ಹೋಗಿ ಬೈಡನ್‌ಗೆ ಬೆಂಬಲ ಕೊಟ್ಟರು. ಮೊದಲೇ ಕಣ ಬಿಟ್ಟಿದ್ದ ಬೆಟೊ ಓರೂರ್ಕ್ ಕೂಡ ಬಂದರು. ಮರುದಿನ ಸೂಪರ್ ಟ್ಯೂಸ್‌ಡೇ, ಒಂದೇ ದಿನ 14 ರಾಜ್ಯಗಳಲ್ಲಿ ಮತದಾನ. ಬೈಡನ್ 10 ಗೆದ್ದರು. ಕ್ಲೋಬುಚಾರ್ ಅವರ ಮಿನೆಸೋಟ, ಇನ್ನೊಬ್ಬ ಅಭ್ಯರ್ಥಿ ಎಲಿಜಬೆತ್ ವಾರನ್ ಅವರ ಮ್ಯಾಸಚೂಸೆಟ್ಸ್, ಟೆಕ್ಸಾಸ್ ಎಲ್ಲ ಬೈಡನ್ ಪಾಲಾದವು. ಆ ಹೊತ್ತಿಗೆ ಮತ್ತೊಬ್ಬ ಅಭ್ಯರ್ಥಿ ಮೈಕಲ್ ಬ್ಲೂಮ್‌ಬರ್ಗ್ ಸ್ವಂತ ಜೇಬಿನಿಂದ 50 ಕೋಟಿ ಡಾಲರ್‌ಗೂ ಹೆಚ್ಚು ಸುರಿದಿದ್ದರು. ಅವರಿಗೆ ಸಿಕ್ಕಿದ್ದು ಅಮೆರಿಕನ್ ಸಮೋವಾ ಎಂಬ ಪುಟ್ಟ ದ್ವೀಪ ಪ್ರದೇಶದ ಗೆಲುವು ಮಾತ್ರ.

ಹಿಂದೆ ಸರಿದ ಅಭ್ಯರ್ಥಿಯ ಬೆಂಬಲ ಎಲ್ಲಕ್ಕಿಂತ ಗಟ್ಟಿ ಅಂತ ನನ್ನ ಅಭಿಪ್ರಾಯ. ಅದರ ಜೊತೆ ಮತಗಳೂ ಬರುತ್ತವೆ, ಒಬ್ಬ ಎದುರಾಳಿಯೂ ಕಡಿಮೆಯಾಗುತ್ತಾನೆ. ಒಂದು ಮಿತಿ ಮಾತ್ರ ಇದೆ. ಅಂಚೆಯಲ್ಲಿ ಮುಂಚೆಯೇ ಮತ ಹಾಕಿದವರನ್ನು ಯಾರ ಮಾತೂ ಹಿಂದಕ್ಕೆ ಕರೆಯಲಾರದು. ಮುಂಗಡ ಮತ ತುಂಬಾ ಇರುವ ಕ್ಯಾಲಿಫೋರ್ನಿಯಾವನ್ನು ಸ್ಯಾಂಡರ್ಸ್ ಉಳಿಸಿಕೊಂಡರು.

2016ರಲ್ಲಿ ರಿಪಬ್ಲಿಕನ್ ನಾಯಕರು ಬೇಡವೆಂದರೂ ಟ್ರಂಪ್ ಗೆದ್ದರಲ್ಲ?

ಗೆದ್ದರು. ಬೆಂಬಲದ ಶಕ್ತಿ ಎಲ್ಲಿ ಮುಗಿಯುತ್ತದೆ ಎಂದು ಅಲ್ಲಿ ಕಾಣುತ್ತದೆ.

ಅಲ್ಲಿ ಜೆಬ್ ಬುಷ್ ಇದ್ದರು. ಅಪ್ಪ ಅಧ್ಯಕ್ಷ, ಅಣ್ಣ ಅಧ್ಯಕ್ಷ. ಅವರ ಪರವಾದ ಸೂಪರ್ ಪ್ಯಾಕ್ (ಅಭ್ಯರ್ಥಿಯಿಂದ ಪ್ರತ್ಯೇಕವಾಗಿ ಹಣ ಕೂಡಿಸಿ ಖರ್ಚು ಮಾಡುವ ಸಮಿತಿ) ಒಂದೇ 10 ಕೋಟಿ ಡಾಲರ್‌ಗಿಂತ ಹೆಚ್ಚು ಕೂಡಿಸಿತ್ತು. ಅಯೋವಾದಲ್ಲಿ ಅವರಿಗೆ ಶೇ 3ರಷ್ಟೂ ಮತ ಸಿಗಲಿಲ್ಲ. ಸೌತ್ ಕೆರೊಲೈನಾದಲ್ಲಿ ಆಗಿನ ಗವರ್ನರ್ ನಿಕಿ ಹೇಲಿ ಮತ್ತು ಸೆನೆಟರ್ ಟಿಮ್ ಸ್ಕಾಟ್ ಇಬ್ಬರೂ ಮಾರ್ಕೊ ರೂಬಿಯೊ ಪರ ಪ್ರಚಾರ ಮಾಡಿದರು. ಟ್ರಂಪ್ ಶೇ 32ರ ಆಸುಪಾಸು ಮತ ಪಡೆದು ರಾಜ್ಯದ 50 ಡೆಲಿಗೇಟ್‌ಗಳನ್ನೂ ಬಾಚಿಕೊಂಡರು. ಜೆಬ್ ಬುಷ್ ಅಂದೇ ರಾತ್ರಿ ಕಣ ಬಿಟ್ಟರು. ಆ ಹೊತ್ತಿಗೆ ಟ್ರಂಪ್‌ಗೆ ಒಬ್ಬ ಸೆನೆಟರ್‌ನ ಬೆಂಬಲವೂ ಇರಲಿಲ್ಲ! ಮೊದಲ ಸೆನೆಟರ್ ಆಗಿ ಜೆಫ್ ಸೆಷನ್ಸ್ ಬಂದದ್ದು ಫೆಬ್ರವರಿ 28ರಂದು.

ಯಾಕೆ ಹೀಗಾಯಿತು? ನನಗೆ ಕಾಣುವುದು ಎರಡು ಕಾರಣ. ಮೊದಲನೆಯದು, ನಾಯಕರು ಒಂದಾಗಲಿಲ್ಲ. ಕಣದಲ್ಲಿ 17 ಜನ ಇದ್ದರು. ಒಬ್ಬರು ಬುಷ್ ಎಂದರು, ಒಬ್ಬರು ರೂಬಿಯೊ ಎಂದರು, ಇನ್ನೊಬ್ಬರು ಕೇಸಿಕ್ ಎಂದರು. ತುಂಬಾ ಜನ ಸುಮ್ನೆ ಕಾದು ಕುಳಿತರು. ಅಭ್ಯರ್ಥಿಗಳಾದ ಟೆಡ್ ಕ್ರೂಜ್ ಮತ್ತು ಜಾನ್ ಕೇಸಿಕ್ ಏಪ್ರಿಲ್ ಕೊನೆಯಲ್ಲಿ ರಾಜ್ಯಗಳನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡರು, ಅದೂ ನಿಲ್ಲಲಿಲ್ಲ. 2020ರ ಡಲ್ಲಾಸ್ ರಾತ್ರಿಯಂಥದ್ದು ಅಲ್ಲಿ ನಡೆಯಲೇ ಇಲ್ಲ. ಎರಡನೆಯದು ಇನ್ನೂ ಆಳವಾದದ್ದು. ಟ್ರಂಪ್ ಮತದಾರರು ಸಿಟ್ಟಾಗಿದ್ದದ್ದೇ ಆ ನಾಯಕರ ಮೇಲೆ. ಯಾರ ಮೇಲೆ ಕೋಪವೋ ಅವರ ಶಿಫಾರಸಿಗೆ ಏನು ಬೆಲೆ?

ಇಂಡಿಯಾನಾ ಗವರ್ನರ್ ಆಗಿದ್ದ ಮೈಕ್ ಪೆನ್ಸ್ ಮತದಾನಕ್ಕೆ ನಾಲ್ಕು ದಿನ ಇರುವಾಗ ಟೆಡ್ ಕ್ರೂಜ್‌ಗೆ ಬೆಂಬಲ ಕೊಟ್ಟರು. ಸ್ವಂತ ರಾಜ್ಯದಲ್ಲೇ ಅದು ನಡೆಯಲಿಲ್ಲ, ಟ್ರಂಪ್ ಅರ್ಧಕ್ಕಿಂತ ಹೆಚ್ಚು ಮತ ತೆಗೆದುಕೊಂಡರು. ಮುಂದೆ ಟ್ರಂಪ್‌ಗೆ ಉಪಾಧ್ಯಕ್ಷರಾದವರು ಅದೇ ಪೆನ್ಸ್.

ಸ್ಥಳೀಯ ನಾಯಕರ ಮಾತು ಯಾವಾಗಲೂ ನಡೆಯುತ್ತದೆಯೇ?

2024ರ ರಿಪಬ್ಲಿಕನ್ ಪ್ರೈಮರಿ ನೋಡಿ. ಅಯೋವಾ ಗವರ್ನರ್ ಕಿಮ್ ರೆನಾಲ್ಡ್ಸ್ ರಾನ್ ಡಿಸ್ಯಾಂಟಿಸ್ ಪರ ನಿಂತರು. ಅಯೋವಾದಲ್ಲಿ ಟ್ರಂಪ್‌ಗೆ ಶೇ 51, ಡಿಸ್ಯಾಂಟಿಸ್‌ಗೆ ಶೇ 21. ನ್ಯೂ ಹ್ಯಾಂಪ್‌ಷೈರ್ ಗವರ್ನರ್ ಕ್ರಿಸ್ ಸುನುನು ನಿಕಿ ಹೇಲಿ ಪರ ಊರೂರು ಸುತ್ತಿದರು. ಅಲ್ಲೂ ಟ್ರಂಪ್ ಗೆದ್ದರು. ಟಿಮ್ ಸ್ಕಾಟ್ ಕಥೆ ಇನ್ನೂ ಕಹಿ. ಅವರನ್ನು 2012ರಲ್ಲಿ ಸೆನೆಟ್‌ಗೆ ನೇಮಿಸಿದ್ದೇ ಹೇಲಿ. 2024ರ ಜನವರಿಯಲ್ಲಿ ಸ್ಕಾಟ್ ಟ್ರಂಪ್ ಕಡೆ ಹೋದರು. ಹೇಲಿ ತವರು ರಾಜ್ಯದಲ್ಲೇ ಸೋತರು.

ಮತದಾರರು ಮನಸ್ಸು ಮಾಡಿ ಆಗಿದ್ದರೆ ಊರಿನ ಹಿರಿಯರ ಮಾತೂ ನಡೆಯುವುದಿಲ್ಲ. ಟ್ರಂಪ್ ಯಾರು ಅಂತ ಅಯೋವಾದವರಿಗೆ ಯಾರೂ ಹೇಳಬೇಕಿರಲಿಲ್ಲ, ಅಲ್ವಾ?

ದೊಡ್ಡ ದೊಡ್ಡ ಹೆಸರುಗಳು ಕೈಕೊಟ್ಟದ್ದು ಇದೆಯೇ?

ಸಾಕಷ್ಟಿದೆ. ಹಿಂದಿನ ಉಪಾಧ್ಯಕ್ಷ ಆಲ್ ಗೋರ್ 2003ರ ಡಿಸೆಂಬರ್‌ನಲ್ಲಿ ಹೊವರ್ಡ್ ಡೀನ್‌ಗೆ ಬೆಂಬಲ ಕೊಟ್ಟರು. ಆರು ವಾರದಲ್ಲಿ ಡೀನ್ ಅಯೋವಾದಲ್ಲಿ ಮೂರನೆಯವರಾದರು. 2008ರಲ್ಲಿ ಸೆನೆಟರ್ ಟೆಡ್ ಕೆನಡಿ ಒಬಾಮಾ ಪರ ಬಂದಾಗ ದೇಶವೆಲ್ಲ ಮಾತಾಡಿತು. ಆದರೆ ಕೆನಡಿಯವರ ಮ್ಯಾಸಚೂಸೆಟ್ಸ್‌ನಲ್ಲಿ ಗೆದ್ದದ್ದು ಹಿಲರಿ ಕ್ಲಿಂಟನ್. ಕೆನಡಿ ಬೆಂಬಲ ವ್ಯರ್ಥವಾಯಿತು ಎನ್ನಲಾರೆ. ಹೊಸಬರೊಬ್ಬರನ್ನು ನಂಬಬಹುದು ಎನ್ನುವ ಧೈರ್ಯವನ್ನು ಅದು ಬೇರೆ ನಾಯಕರಿಗೆ ಕೊಟ್ಟಿತು. ಪತ್ರಿಕೆಗಳ ಬೆಂಬಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರಲ್ಲಿ ನ್ಯೂಯಾರ್ಕ್ ಟೈಮ್ಸ್ ವಾರನ್ ಮತ್ತು ಕ್ಲೋಬುಚಾರ್ ಇಬ್ಬರನ್ನೂ ಮೆಚ್ಚಿತು. ಇಬ್ಬರೂ ಅಭ್ಯರ್ಥಿಯಾಗಲಿಲ್ಲ.

ಸೂಪರ್‌ಡೆಲಿಗೇಟ್ ಅಂದರೆ ಯಾರು? ಅವರ ಬೆಂಬಲಕ್ಕೆ ಬೇರೆ ತೂಕ ಇದೆಯೇ?

ಇತ್ತು. ಇವರು ಡೆಮಾಕ್ರಟಿಕ್ ಪಕ್ಷದ ಸಂಸದರು, ಗವರ್ನರ್‌ಗಳು, ಸಮಿತಿ ಸದಸ್ಯರು. ಪ್ರೈಮರಿಯಲ್ಲಿ ಯಾರೇ ಗೆಲ್ಲಲಿ, ಅಧಿವೇಶನದಲ್ಲಿ ಇವರು ತಮ್ಮಿಷ್ಟದಂತೆ ಮತ ಹಾಕಬಹುದಿತ್ತು. ಹಾಗಾಗಿ ಇವರ ಬೆಂಬಲ ಬರೀ ಮಾತಾಗಿರಲಿಲ್ಲ, ಮತವೇ ಆಗಿತ್ತು. 1984ರಿಂದ ಈ ಪದ್ಧತಿ ನಡೆದು ಬಂತು.

2016ರಲ್ಲಿ ಇದು ನೋವಿಗೆ ಕಾರಣವಾಯಿತು. ಜೂನ್ 6ರ ರಾತ್ರಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಸೂಪರ್‌ಡೆಲಿಗೇಟ್‌ಗಳ ಲೆಕ್ಕ ಸೇರಿಸಿ ಹಿಲರಿಗೆ ಬೇಕಾದಷ್ಟು ಬಲ ಸಿಕ್ಕಿತು ಎಂದು ಪ್ರಕಟಿಸಿತು. ಕ್ಯಾಲಿಫೋರ್ನಿಯಾ ಮತದಾನ ಮರುದಿನ ಇತ್ತು. ನಾವು ಮತ ಹಾಕುವ ಮೊದಲೇ ಮುಗಿಯಿತೇ ಅಂತ ಸ್ಯಾಂಡರ್ಸ್ ಕಡೆಯವರು ಕುದಿದರು. ಹಿಲರಿಗೆ ಜನರ ಮತವೂ ಹೆಚ್ಚೇ ಬಂದಿತ್ತು, ನಿಜ. ಆದರೂ ಆ ಕೋಪ ನ್ಯಾಯವಾದದ್ದು ಎಂದೇ ನಾನು ನಂಬುತ್ತೇನೆ. 2018ರಲ್ಲಿ ನಿಯಮ ತಿದ್ದಿದರು. ಫಲಿತಾಂಶ ಮೊದಲೇ ಖಚಿತವಾಗಿದ್ದರೆ ಬಿಟ್ಟು, ಮೊದಲ ಸುತ್ತಿನಲ್ಲಿ ಈಗ ಅವರಿಗೆ ಮತ ಇಲ್ಲ.

ಗೆಲ್ಲುವ ಕುದುರೆಯನ್ನು ನೋಡಿ ನಾಯಕರು ಹತ್ತುತ್ತಾರೋ, ನಾಯಕರು ಹತ್ತಿದ್ದರಿಂದ ಕುದುರೆ ಗೆಲ್ಲುತ್ತದೋ?

ಒಳ್ಳೆಯ ಪ್ರಶ್ನೆ. ಎರಡೂ ನಡೆಯುತ್ತದೆ. ಜಾನ್ ಲೂಯಿಸ್ ಅವರನ್ನು ನೆನೆಯಿರಿ. ನಾಗರಿಕ ಹಕ್ಕುಗಳಿಗಾಗಿ ಪೊಲೀಸರಿಂದ ಏಟು ತಿಂದ ಹಿರಿಯರು. 2007ರಲ್ಲಿ ಹಿಲರಿಗೆ ಬೆಂಬಲ ಕೊಟ್ಟಿದ್ದರು. 2008ರ ಫೆಬ್ರವರಿಯಲ್ಲಿ ಅವರ ಅಟ್ಲಾಂಟಾ ಕ್ಷೇತ್ರದ ಜನ ಒಬಾಮಾಗೆ ಭಾರಿ ಮತ ಕೊಟ್ಟರು. ತಿಂಗಳು ಮುಗಿಯುವ ಮೊದಲೇ ಲೂಯಿಸ್ ಒಬಾಮಾ ಕಡೆ ಬಂದರು. ಇಲ್ಲಿ ದಾರಿ ತೋರಿಸಿದ್ದು ಜನ, ಹಿಂದೆ ಬಂದದ್ದು ನಾಯಕರು.

ಹಾಗಾಗಿ ದಿನಾಂಕ ನೋಡಬೇಕು. ಗೆಲುವು ಖಾತ್ರಿಯಾದ ಮೇಲೆ ಬರುವ ನೂರು ಬೆಂಬಲಕ್ಕಿಂತ, ಸೋಲಿನ ಅಂಚಿನಲ್ಲಿದ್ದಾಗ ಬರುವ ಒಂದು ಹೆಚ್ಚು ಹೇಳುತ್ತದೆ.

ಬೆಂಬಲ ಕೊಟ್ಟವರಿಗೆ ಏನು ಸಿಗುತ್ತದೆ?

ಬೆಂಬಲಕ್ಕೆ ಬದಲಾಗಿ ಹುದ್ದೆ ಕೊಡುತ್ತೇನೆ ಎಂದು ಅಭ್ಯರ್ಥಿ ಮಾತು ಕೊಡುವುದು ಅಮೆರಿಕದ ಕಾನೂನಿನಲ್ಲಿ ಅಪರಾಧ. ಆದರೂ ಗೆದ್ದವರು ನೆನಪಿಟ್ಟುಕೊಳ್ಳುತ್ತಾರೆ. ಸೆಷನ್ಸ್ ಅಟಾರ್ನಿ ಜನರಲ್ ಆದರು. ಬೂಟಿಜೆಜ್ ಸಾರಿಗೆ ಸಚಿವರಾದರು.

ಕ್ಲೈಬರ್ನ್ ಕೇಳಿದ್ದು ತಮಗಾಗಿ ಅಲ್ಲ. ಸುಪ್ರೀಂ ಕೋರ್ಟ್‌ಗೆ ಕಪ್ಪು ಮಹಿಳೆಯೊಬ್ಬರನ್ನು ನೇಮಿಸುವ ಮಾತನ್ನು ಬಹಿರಂಗವಾಗಿ ಕೊಡಿ ಎಂದು ಬೈಡನ್‌ರನ್ನು ಒತ್ತಾಯಿಸಿದರು. ಫೆಬ್ರವರಿ 25ರ ಚರ್ಚೆಯಲ್ಲಿ ಬೈಡನ್ ಆ ಮಾತು ಕೊಟ್ಟರು. ಮರುದಿನ ಬೆಂಬಲ ಬಂತು. 2022ರ ಏಪ್ರಿಲ್‌ನಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ ನೇಮಕಕ್ಕೆ ಸೆನೆಟ್ ಒಪ್ಪಿತು. ತನ್ನ ಜನಕ್ಕಾಗಿ ಬೆಂಬಲವನ್ನು ಹೀಗೆ ಬಳಸುವುದನ್ನು ಕಂಡರೆ ನನಗೆ ಗೌರವ.

ಪ್ರೈಮರಿ ಮುಗಿದ ಮೇಲೂ ಬೆಂಬಲ ಕೆಲಸ ಮಾಡುತ್ತದೆಯೇ?

2024ರ ಜುಲೈ 21ರಂದು ಬೈಡನ್ ಸ್ಪರ್ಧೆಯಿಂದ ಹಿಂದೆ ಸರಿದರು. ಅದೇ ದಿನ ತಮ್ಮ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಹೆಸರು ಹೇಳಿದರು. ಎದುರಾಳಿಗಳಾಗಬಹುದಿದ್ದ ಗವರ್ನರ್‌ಗಳಾದ ಗ್ಯಾವಿನ್ ನ್ಯೂಸಮ್, ಜೋಷ್ ಶಪೀರೊ, ಗ್ರೆಚನ್ ವಿಟ್ಮರ್ ಮರುದಿನದೊಳಗೆ ಹ್ಯಾರಿಸ್ ಬೆನ್ನಿಗೆ ನಿಂತರು. 22ರ ರಾತ್ರಿಗೆ ಬೇಕಾದಷ್ಟು ಡೆಲಿಗೇಟ್‌ಗಳ ಮಾತು ಸಿಕ್ಕಿತ್ತು. ಮತದಾರರು ಮತ್ತೆ ಮತ ಹಾಕುವ ಅವಕಾಶವೇ ಇರಲಿಲ್ಲ.

ಮತಪತ್ರದಲ್ಲೇ ಪಕ್ಷದ ಬೆಂಬಲ ಕಾಣುತ್ತಿತ್ತು ಅನ್ನುತ್ತಾರೆ, ಹೌದೇ?

ನ್ಯೂಜೆರ್ಸಿಯಲ್ಲಿ ಹೌದು. ಎಡಿಸನ್ ಕಡೆ ಇರುವ ಕನ್ನಡಿಗರಿಗೆ ಇದು ಗೊತ್ತಿರಬಹುದು. ಅಲ್ಲಿನ 21 ಕೌಂಟಿಗಳಲ್ಲಿ 19ರಲ್ಲಿ 'ಕೌಂಟಿ ಲೈನ್' ಎನ್ನುವ ಪದ್ಧತಿ ಇತ್ತು. ಕೌಂಟಿಯ ಪಕ್ಷದ ಮುಖಂಡರು ಒಪ್ಪಿದವರ ಹೆಸರೆಲ್ಲ, ಮೇಲಿನ ಹುದ್ದೆಯಿಂದ ಕೆಳಗಿನವರೆಗೆ, ಒಂದೇ ಸಾಲಿನಲ್ಲಿ ಅಂದವಾಗಿ ಬರುತ್ತಿದ್ದವು. ಉಳಿದವರು ಎಲ್ಲೋ ಮೂಲೆಯಲ್ಲಿ. ಸೆನೆಟ್‌ಗೆ ಸ್ಪರ್ಧಿಸಿದ್ದ ಆಂಡಿ ಕಿಮ್ ಇದನ್ನು ಕೋರ್ಟಿಗೆ ಒಯ್ದರು. 2024ರ ಮಾರ್ಚ್‌ನಲ್ಲಿ ಆ ವರ್ಷದ ಡೆಮಾಕ್ರಟಿಕ್ ಪ್ರೈಮರಿಗೆ ಇದನ್ನು ಬಳಸಬಾರದು ಎಂದು ಫೆಡರಲ್ ನ್ಯಾಯಾಧೀಶರು ತಡೆದರು. ಬೆಂಬಲವನ್ನು ಬಾಯಲ್ಲಿ ಹೇಳಲಿ, ಮತದಾರ ಕೇಳಿ ಯೋಚಿಸಲಿ. ಮತಪತ್ರದ ವಿನ್ಯಾಸದಲ್ಲಿ ತುರುಕುವುದು ತಪ್ಪು.

ನಮ್ಮ ಕಡೆಯವರು ಯಾರಾದರೂ ಈ ಆಟದಲ್ಲಿ ಇದ್ದಾರೆಯೇ?

ಅಧ್ಯಕ್ಷ ಹುದ್ದೆಗೆ ಅಲ್ಲ, ಆದರೆ ಇದ್ದಾರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್. 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಗೆ ನಿಂತರು. ಸ್ವಂತ ದುಡ್ಡು ಧಾರಾಳವಾಗಿ ಖರ್ಚು ಮಾಡಿದರು. ಪಕ್ಷದವರು ಗ್ರೆಚನ್ ವಿಟ್ಮರ್ ಜೊತೆಗಿದ್ದರು, ಥಾಣೇದಾರ್ ಮೂರನೆಯವರಾದರು. 2022ರಲ್ಲಿ ಡೆಟ್ರಾಯಿಟ್ ಭಾಗದ ಹೌಸ್ ಕ್ಷೇತ್ರಕ್ಕೆ ನಿಂತರು. ಡೆಟ್ರಾಯಿಟ್ ಮೇಯರ್ ಬೆಂಬಲ ಎದುರಾಳಿಗೆ ಇತ್ತು. ಆದರೆ ಕಣದಲ್ಲಿ ತುಂಬಾ ಜನ, ಮತ ಹಂಚಿಹೋಯಿತು. ಥಾಣೇದಾರ್ ಮೂರನೇ ಒಂದಕ್ಕಿಂತ ಕಡಿಮೆ ಮತದಲ್ಲೇ ಗೆದ್ದರು. 2016ರ ರಿಪಬ್ಲಿಕನ್ ಕಣದಲ್ಲಿ ಆದದ್ದೇ ಇಲ್ಲೂ ಸಣ್ಣ ಪ್ರಮಾಣದಲ್ಲಿ ಆಯಿತು.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಪ್ರೈಮರಿಯಲ್ಲಿ ನನಗೇನಾದರೂ ಪಾತ್ರ ಇದೆಯೇ?

ಮತ ಇಲ್ಲ. ಅಭ್ಯರ್ಥಿಗೆ ದೇಣಿಗೆ ಕೊಡುವಂತಿಲ್ಲ, ಒಂದು ಡಾಲರ್ ಕೂಡ. ದಯವಿಟ್ಟು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ, ವೀಸಾಕ್ಕೇ ಕುತ್ತು ಬರಬಹುದು. ಗ್ರೀನ್ ಕಾರ್ಡ್ ಇದ್ದವರು ದೇಣಿಗೆ ಕೊಡಬಹುದು, ಮತ ಹಾಕುವಂತಿಲ್ಲ. ಸಂಬಳವಿಲ್ಲದೆ ಸ್ವಯಂಸೇವಕರಾಗಿ ದುಡಿಯಲು ಮಾತ್ರ ಇಬ್ಬರಿಗೂ ಅವಕಾಶ ಇದೆ. ನಿಮ್ಮ ಬೀದಿಯಲ್ಲಿ ಮತ ಇರುವ ಕನ್ನಡಿಗ ಮನೆಗಳಿದ್ದರೆ, ಅವರು ನಿಮ್ಮನ್ನು ನಂಬುತ್ತಿದ್ದರೆ, ಬಾಗಿಲು ತಟ್ಟಿ ನಿಮ್ಮ ಅಭಿಪ್ರಾಯ ಹೇಳಲು ಏನೂ ಅಡ್ಡಿಯಿಲ್ಲ. ಸೌತ್ ಕೆರೊಲೈನಾದ ಆ ಅಜ್ಜಿ ಕ್ಲೈಬರ್ನ್ ಅವರಿಂದ ಕೇಳಿದ್ದೂ ಅದನ್ನೇ.